ಪುಣೆಯಿಂದ ಅಜ್ಜನವರಿಗೆ: ಗಾಥೆಯ ಹಳೆಯ ಪ್ರತಿ

ಪುಣೆ, ಗುರುವಾರ

ಪೂಜ್ಯ ಅಜ್ಜನವರ ಪಾದಗಳಿಗೆ ಮೊಮ್ಮಗಳು ಮಾಡುವ ಅನಂತ ಪ್ರಣಾಮಗಳು.

ಇತ್ತ ನಾನು ಕ್ಷೇಮ. ಅಥಣಿಯಲ್ಲಿ ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಭಜನಾ ಮೇಳಕ್ಕೆಂದು ತಾವು ಕೇಳಿದ್ದ ತುಕಾರಾಮ ಮಹಾರಾಜರ ಗಾಥೆ, ಅಂದರೆ ಅವರ ಅಭಂಗಗಳೆಂಬ ಭಕ್ತಿಪದಗಳ ಸಂಗ್ರಹ, ಸಿಕ್ಕಿದೆ. ಹೊಸದಲ್ಲ, ಅಪ್ಪಾ ಬಳವಂತ ಚೌಕದ ಹತ್ತಿರ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ, ಪರೀಕ್ಷೆಯ ಗೈಡುಗಳ ರಾಶಿಯ ಅಡಿಯಲ್ಲಿ ಬಿದ್ದಿದ್ದ ದಪ್ಪ ಪ್ರತಿ. ಮುನ್ನೂರು ಹೇಳಿ ಇನ್ನೂರಕ್ಕೆ ಕೊಟ್ಟರು.

ಮುದ್ರಣದ ವರ್ಷವಿದ್ದ ಹಾಳೆ ಹರಿದುಹೋಗಿದೆ. ಕೊನೆಯ ಪುಟಗಳಲ್ಲಿ ಹುಳು ಕೊರೆದ ತೂತುಗಳಿವೆ, ಆದರೆ ಅಕ್ಷರಗಳು ಉಳಿದಿವೆ, ಮತ್ತು ತಮ್ಮ ಕನ್ನಡಕಕ್ಕೆ ಸಾಲುವಷ್ಟು ದೊಡ್ಡದಾಗಿಯೂ ಇವೆ. ಮಧ್ಯದ ಪುಟಗಳನ್ನು ಅಗಲಿಸಿದರೆ ಹೊಲಿಗೆಯ ಸಂದಿಯಲ್ಲಿ ಕಪ್ಪು ಪುಡಿ ಕೂತಿರುವುದು ಕಾಣುತ್ತದೆ. ಮೂಸಿ ನೋಡಿದರೆ ಬುಕ್ಕಾದ ವಾಸನೆ. ಹಣೆಗೆ ಬುಕ್ಕಾ ಹಚ್ಚಿಕೊಂಡ ಬೆರಳಿನಿಂದಲೇ ಹಾಳೆ ತಿರುವುತ್ತಿದ್ದ ಯಾರೋ ವಾರಕರಿಯ, ಅಂದರೆ ಪಂಢರಪುರದ ವಿಠ್ಠಲನ ಯಾತ್ರಿಕ ಭಕ್ತರ, ಪುಸ್ತಕವಿದು.

ಅದಕ್ಕಿಂತ ಬೆಲೆಯುಳ್ಳದ್ದು ಅಂಚಿನಲ್ಲಿರುವ ಪೆನ್ಸಿಲ್ ಬರಹ. ಕೆಲವು ಅಭಂಗಗಳ ಪಕ್ಕದಲ್ಲಿ ‘ಕಾಕಡಾ’ ಎಂದೂ, ಕೆಲವಕ್ಕೆ ‘ಕೀರ್ತನ’ ಎಂದೂ, ಗೋಪಿಯರ ಪದಗಳಿಗೆ ‘ಗೌಳಣ’ ಎಂದೂ ಗುರುತು ಹಾಕಿದ್ದಾರೆ. ಸುಮಾರು 4,500 ಅಭಂಗಗಳಿರುವ ಗ್ರಂಥದಲ್ಲಿ ನಸುಕಿನ ಆರತಿಗೆ ಯಾವುದು, ರಾತ್ರಿ ನಿಂತು ಹಾಡಲು ಯಾವುದು ಎಂದು ಆರಿಸುವುದು ಹಾಡಿ ಪಳಗಿದವರಿಗೆ ಮಾತ್ರ ಸಾಧ್ಯ. ಆ ಶ್ರಮವನ್ನು ಅವರು ನಮ್ಮ ಮೇಳಕ್ಕಾಗಿಯೇ ಮಾಡಿಟ್ಟಂತಾಗಿದೆ. ಒಂದು ಸಂಗತಿ ಮಾತ್ರ ಗಮನದಲ್ಲಿರಲಿ: ಅವರು ಬರೆದ ಅಂಕಿಗಳು ಅಚ್ಚಿನ ಅಂಕಿಗಳಿಗೆ ಹೊಂದುವುದಿಲ್ಲ. ಗಾಥೆಯ ಆವೃತ್ತಿಗಳಲ್ಲಿ ಅಭಂಗಗಳ ಸಂಖ್ಯೆಯೂ ಕ್ರಮವೂ ಬೇರೆ ಬೇರೆಯಾಗಿರುವುದರಿಂದ, ಜೊತೆಗಾರರ ಕೈಯಲ್ಲಿದ್ದ ಇನ್ನೊಂದು ಪ್ರತಿಯ ಅಂಕಿಯನ್ನು ಇಲ್ಲಿ ಬರೆದುಕೊಂಡಿರಬೇಕೆಂದು ನನ್ನ ಊಹೆ. ಆದ್ದರಿಂದ ಮೇಳದಲ್ಲಿ ಅಂಕಿ ಕೂಗದೆ ಮೊದಲ ಸಾಲನ್ನೇ ಹೇಳುವುದು ಲೇಸು.

ಅವ್ವ ಫೋನಿನಲ್ಲಿ, “ಯಾರ ಮನೀ ಪೋಥಿನೋ ಏನೋ, ದೇವರ ಮುಂದ ಹೆಂಗ ಇಡೂದು?” ಎಂದು ಆಕ್ಷೇಪಿಸಿದಳು. ಅವಳಿಗೆ ತಾವೇ ತಿಳಿಸಿ ಹೇಳಬೇಕು. ಇಂದ್ರಾಯಣಿ ನದಿಯಲ್ಲಿ ಮುಳುಗಿಸಿದ ತುಕಾರಾಮರ ವಹಿಗಳು (ಅಭಂಗ ಬರೆದಿಟ್ಟ ಪುಸ್ತಕಗಳು) 13 ದಿನಗಳ ನಂತರ ತೇಲಿ ಬಂದ ಕಥೆಯನ್ನು ಅವಳು ಬಲ್ಲಳು. ಆದರೆ ನೀರಿಗಿಂತ ಹೆಚ್ಚಾಗಿ ಜನರ ಕೈಗಳೇ ಈ ಅಭಂಗಗಳನ್ನು ಉಳಿಸಿದವು. ಚಾಕಣದ ಗಾಣಿಗ ಸಂತಾಜಿ ಜಗನಾಡೆಯವರಂಥ ಶಿಷ್ಯರು ಬರೆದುಕೊಂಡರು, ಮನೆತನಗಳು ಆ ಹಸ್ತಪ್ರತಿಗಳನ್ನು ಕಾಪಾಡಿದವು, ಮತ್ತು ಮುಂಬಯಿ ಸರ್ಕಾರದ ಧನಸಹಾಯದಿಂದ 1869ರಲ್ಲಿ ಇಂದುಪ್ರಕಾಶ ಮುದ್ರಣಾಲಯ ಗಾಥೆಯನ್ನು ಅಚ್ಚು ಹಾಕಲು ತೊಡಗಿದಾಗ ವಿದ್ವಾಂಸರು ದೇಹು, ತಳೇಗಾವ, ಪಂಢರಪುರದ ಪ್ರತಿಗಳನ್ನೆಲ್ಲ ತರಿಸಿ ಹೋಲಿಸಿ ನೋಡಿದರು. ಕೈಯಿಂದ ಕೈಗೆ ದಾಟದ ಗಾಥೆ ಎಂಬುದೇ ಇಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಹೊಸ ಪ್ರತಿಯೂ ಇತ್ತು. ಅದರ ಕಾಗದ ಬೆಳ್ಳಗಿತ್ತು, ಆದರೆ ಅಕ್ಷರ ಇರುವೆಯಷ್ಟು ಸಣ್ಣದಾಗಿತ್ತು.

‘ಸುಂದರ ತೇ ಧ್ಯಾನ’ ಆರಂಭದ ಪುಟಗಳಲ್ಲೇ ಇದೆ. ಹಳೆಯ ಮುದ್ರಣವಾದ್ದರಿಂದ ಶಬ್ದಗಳ ತುದಿಯಲ್ಲಿ ಅನುಸ್ವಾರದ ಚುಕ್ಕಿಗಳು ಬಹಳ. ಅಥಣಿ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲೇ ಮರಾಠಿ ಅಕ್ಷರ ಕಲಿತ ತಮಗೆ ಅವು ತೊಡಕಾಗಲಾರವು, ಆದರೆ ಹುಡುಗರಿಗೆ ತಾವು ಒಮ್ಮೆ ಓದಿ ತೋರಿಸಬೇಕಾದೀತು. ‘ಕಾನಡಾ ಹೋ ವಿಠ್ಠಲು’ ಮಾತ್ರ ಇದರಲ್ಲಿಲ್ಲ, ಇರುವುದೂ ಇಲ್ಲ. ನಮ್ಮ ಮೇಳದವರು ಅದನ್ನು ತುಕಾರಾಮರದೆಂದೇ ಹಾಡುತ್ತ ಬಂದಿದ್ದಾರೆ, ಆದರೆ ಅದು ಜ್ಞಾನದೇವರ ಅಭಂಗ. ಈ ಮಾತನ್ನು ಮೃದಂಗದ ಕಾಕಾ ಅವರಿಗೆ ತಿಳಿಸುವ ಕೆಲಸ ತಮ್ಮದು. ನಾನು ಹೇಳಿದರೆ ಅವರು ಒಪ್ಪುವವರಲ್ಲ.

ಮಾಮಾ ಏಕಾದಶಿಗೆ ಮೊದಲು ಮೀರಜದ ಮೇಲೆ ಊರಿಗೆ ಬರುತ್ತಾರೆ, ಅವರ ಕೈಯಲ್ಲಿ ಪುಸ್ತಕ ಕಳುಹಿಸುತ್ತೇನೆ. ದಯಮಾಡಿ ಹೊಸ ಬೈಂಡಿಗೆ ಕೊಡಬೇಡಿ. ಕಟರಿಗೆ ಸಿಕ್ಕರೆ ಅಂಚಿನ ಬರಹವೇ ಹೋಗುತ್ತದೆ. ಜ್ಞಾನದೇವರ ಅಭಂಗಗಳನ್ನೂ ಹಳೆಯ ಪ್ರತಿಯಲ್ಲೇ ಹುಡುಕಲೇ, ಹೊಸದನ್ನು ಕೊಳ್ಳಲೇ ಎಂಬುದನ್ನು ಮಾಮಾ ಹಿಂದಿರುಗುವಾಗ ಹೇಳಿ ಕಳುಹಿಸಬೇಕು.

ತಮ್ಮ ಪ್ರೀತಿಯ ಮೊಮ್ಮಗಳು