ದವಡೆಗೆ ನಡೆಯುವ ಕಾರ್ಡ್ ಹಲ್ಲಿಗೇಕೆ ನಡೆಯುವುದಿಲ್ಲ?

ಮಾನ್ಯ ಸಂಪಾದಕರೇ,

ದೀಪಾವಳಿ ಮುಗಿಯುತ್ತಲೇ ನಮ್ಮ ಹಾವೇರಿ ಸೀಮೆಯಲ್ಲಿ, ಕೊಬ್ಬರಿ ಕಟ್ಟಿದ ಹೋರಿಗಳನ್ನು ಜನರ ನಡುವೆ ಓಡಿಸಿ ಹಿಡಿಯುವ ಕೊಬ್ಬರಿ ಹೋರಿ ಹಬ್ಬದ ಭರಾಟೆ. ಗೆದ್ದ ಹೋರಿಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ತಿವಿತಕ್ಕೆ ಸಿಕ್ಕವರ ಸುದ್ದಿಯೂ ಬರುತ್ತದೆ. ಆಸ್ಪತ್ರೆ ಸೇರಿದವರು ಮುಂದೇನಾದರು ಎಂಬುದು ಮಾತ್ರ ಬರುವುದಿಲ್ಲ. ಹಬ್ಬ ಬೇಡ ಎನ್ನುವವಳು ನಾನಲ್ಲ. ನನ್ನ ತವರಿನಲ್ಲೂ ಹೋರಿ ಸಾಕುತ್ತಿದ್ದರು.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ನನ್ನ ತಮ್ಮನ ಗದ್ದಕ್ಕೆ ಕೊಂಬು ಬಡಿದು, ಕೆಳದವಡೆ ಚೂರಾಗಿ ಮುಂದಿನ ಹಲ್ಲುಗಳು ಉದುರಿದವು. ಜನ ಅವನನ್ನು ಅಂಗಾತ ಮಲಗಿಸಿ ನೀರು ಕುಡಿಸಲು ಹೊರಟಿದ್ದರು. ಗುಂಪಿನಲ್ಲಿದ್ದ ನರ್ಸ್ ಒಬ್ಬರು ಎಲ್ಲರನ್ನೂ ಗದರಿಸಿ, ರಕ್ತ ಗಂಟಲಿಗಿಳಿದು ಉಸಿರು ಕಟ್ಟದಂತೆ ಮುಂದಕ್ಕೆ ಬಾಗಿಸಿ ಕೂರಿಸಿದರು. ಆ ಪುಣ್ಯಾತ್ಮಳಿಂದಾಗಿ ಅವನು ಜೀವಂತ ಹುಬ್ಬಳ್ಳಿ ಮುಟ್ಟಿದ.

ಅಲ್ಲಿ ಟೈಟಾನಿಯಂ ಪಟ್ಟಿ, ಸ್ಕ್ರೂ ಹಾಕಿ ಎಲುಬು ಕೂಡಿಸಿ, ಮೇಲಿನ ದವಡೆಗೂ ಕೆಳಗಿನದಕ್ಕೂ ಸೇರಿಸಿ ತಂತಿ ಬಿಗಿದರು. ಮನೆಗೆ ಕಳಿಸುವಾಗ ತಂತಿ ಕತ್ತರಿಸುವ ಇಕ್ಕಳವೊಂದನ್ನು ಕೈಗಿಟ್ಟು, ವಾಂತಿ ಬಂದರೆ ಯಾರನ್ನೂ ಕೇಳದೆ ಮೊದಲು ಇದನ್ನು ಕತ್ತರಿಸಿ ಎಂದರು. ಇಕ್ಕಳ ಅವನ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಖಾನಾವಳಿ ನಡೆಸುವ ನಾನು ಅಂಬಲಿ, ಬೇಳೆಕಟ್ಟುಗಳನ್ನು ಬಟ್ಟೆಯಲ್ಲಿ ಸೋಸಿ, ಸಿರಿಂಜಿಗೆ ನಳಿಕೆ ಸಿಕ್ಕಿಸಿ ಕೆನ್ನೆಯ ಒಳಬದಿಯಿಂದ ತೊಟ್ಟುತೊಟ್ಟಾಗಿ ಬಿಡುತ್ತಿದ್ದೆ.

ಆಮೇಲೆ ಕೀವು ಹಿಡಿದು ದವಡೆಯ ಒಂದು ತುಂಡನ್ನೇ ತೆಗೆಯಬೇಕಾಯಿತು. ಆ ಜಾಗಕ್ಕೆ ಮೊಣಕಾಲಿನ ಕೆಳಗಿನ ಎರಡು ಎಲುಬುಗಳಲ್ಲಿ ಸಣ್ಣದರ ಭಾಗವನ್ನು ರಕ್ತನಾಳದ ಸಮೇತ ತಂದು, ದವಡೆಯ ಬಾಗಿಗೆ ತಕ್ಕಂತೆ ಕತ್ತರಿಸಿ ಕೂರಿಸಿದರು. ಕೂದಲಿಗಿಂತ ಸಣ್ಣ ದಾರದಿಂದ ಆ ನಾಳವನ್ನು ಕುತ್ತಿಗೆಯ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿದರಂತೆ. ಮೈಭಾರ ಹೊರುವುದು ದೊಡ್ಡ ಎಲುಬಾದ್ದರಿಂದ ತಮ್ಮ ಈಗ ಮೊದಲಿನಂತೆ ಚೀಲ ಹೊರುತ್ತಾನೆ. ಅಮೆರಿಕದಲ್ಲಿ 1989ರ ಹೊತ್ತಿಗೆ ದವಡೆಗೆ ಬಳಕೆಗೆ ಬಂದ ಈ ವಿಧಾನ ನಮ್ಮ ಊರಿನ ಹಮಾಲಿಗೂ ಸಿಕ್ಕಿತಲ್ಲ ಎಂದು ವೈದ್ಯರಿಗೆ ಕೈ ಮುಗಿದಿದ್ದೇನೆ. ಸರ್ಕಾರದ ಆರೋಗ್ಯ ಯೋಜನೆಯ ಕಾರ್ಡಿನಿಂದಲೇ ಇಷ್ಟೆಲ್ಲ ಆಯಿತು.

ತಕರಾರು ಇರುವುದು ಇದರ ಮುಂದೆ. ಕಸಿ ಮಾಡಿದ ದವಡೆಯ ಮೇಲೆ ಸಾಮಾನ್ಯ ಕಟ್ಟಿಸಿದ ಹಲ್ಲು ಸರಿಯಾಗಿ ನಿಲ್ಲುವುದಿಲ್ಲ. ಎಲುಬಿಗೇ ಸ್ಕ್ರೂ ಇಳಿಸಿ ಅದರ ಮೇಲೆ ಹಲ್ಲು ಕೂರಿಸಬೇಕು ಎಂದರು ವೈದ್ಯರು. ಅದಕ್ಕೆ ಕಾರ್ಡ್ ನಡೆಯುವುದಿಲ್ಲ, ಅದು ಅಂದಚೆಂದದ ಕೆಲಸ ಎಂದರು ಕೌಂಟರಿನವರು. ಗಿರಾಕಿಗಳು ಎದ್ದುಹೋದ ಮೇಲೆ ಒಳಗೆ ಕುಳಿತು, ಕಡಕ್ ರೊಟ್ಟಿಯನ್ನು ಸಾರಿನಲ್ಲಿ ಮುದ್ದೆಯಾಗುವಷ್ಟು ನೆನೆಸಿ ನುಂಗುವ ನನ್ನ ತಮ್ಮನಿಗೆ ಅಂದಚೆಂದದ ಚಿಂತೆಯಿಲ್ಲ.

ಅಪಘಾತದಲ್ಲಿ ದವಡೆ ಕಳೆದುಕೊಂಡವರಿಗೆ ಎಲುಬಿನಿಂದ ಹಲ್ಲಿನವರೆಗಿನ ಖರ್ಚನ್ನು ಒಂದೇ ಚಿಕಿತ್ಸೆಯೆಂದು ಆರೋಗ್ಯ ಇಲಾಖೆ ಪರಿಗಣಿಸಬೇಕು. ವಯಸ್ಸಾಗಿ ಹಲ್ಲು ಬಿದ್ದವರ ಮಾತು ಬೇರೆ. ಅವರಿಗೂ ಕೊಡಿ ಎಂದು ನಾನು ಇಲ್ಲಿ ಕೇಳುತ್ತಿಲ್ಲ. ನಮ್ಮ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಲಿ.

– ಖಾನಾವಳಿ ನಡೆಸುವ ಓದುಗಳು, ಹಾವೇರಿ