ಭಾನುವಾರದ ಓಟ, ಜೊತೆಗೆ ಪಾಲಿಕೆ ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಉಣಕಲ್ ಕೆರೆ ದಂಡೆ ಮೇಲೆ ಸೇರೋಣ. ಅಲ್ಲಿಂದ ನವನಗರದವರೆಗೆ ನಿಧಾನ ಓಟ.

ಓಡುವಾಗ ರಾಜಕೀಯ ಬೇಡ ಅಂತ ಇಬ್ಬರು ಮೆಸೇಜ್ ಹಾಕಿದ್ದೀರಿ, ನಾನು ಒಪ್ಪಲ್ಲ. ಮಾತಾಡುತ್ತಾ ಓಡಲು ಆಗುವಷ್ಟೇ ವೇಗ ಇರಬೇಕು ಅಲ್ವಾ? ವಾದ ಶುರುವಾದರೆ ಯಾರೂ ಸುಮ್ನೆ ಮುಂದೆ ಓಡಿಹೋಗಲ್ಲ.

ಪಾಲಿಕೆ ವಿಷಯಕ್ಕೆ ಬರ್ತೀನಿ. 1962ರಿಂದ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಒಂದೇ ಪಾಲಿಕೆ. 2025ರ ಜನವರಿಯಲ್ಲಿ ರಾಜ್ಯ ಸಂಪುಟ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಒಪ್ಪಿತು. ತೆರಿಗೆ ನಾವೂ ಕಟ್ಟುತ್ತೇವೆ, ಕೆಲಸ ಮಾತ್ರ ಹುಬ್ಬಳ್ಳಿಗೆ ಜಾಸ್ತಿ ಅನ್ನೋದು ಧಾರವಾಡದವರ ಹಳೇ ದೂರು, ನಾನು ಹುಬ್ಬಳ್ಳಿಯವನಾದರೂ ಅದರಲ್ಲಿ ಹುರುಳಿದೆ ಅಂತಲೇ ಹೇಳ್ತೀನಿ. ಆದರೆ ಹೊಸ ಪಾಲಿಕೆ ಅಂದರೆ ಹೊಸ ಮೇಯರ್, ಹೊಸ ಆಯುಕ್ತರು, ಹೊಸ ಕಚೇರಿ. ಆ ಸಂಬಳ, ಬಾಡಿಗೆ ಎಲ್ಲ ಕಳೆದು ವಾರ್ಡಿಗೆ ಎಷ್ಟು ಉಳಿಯುತ್ತೆ? ಈ ಲೆಕ್ಕ ಬಲ್ಲವರು ದಯವಿಟ್ಟು ನನ್ನ ಪಕ್ಕದಲ್ಲೇ ಓಡಿ.

ಹುಷಾರು, ಚಿಗರಿ ಬಸ್ಸಿಗೆಂದೇ (ಬಿಆರ್‌ಟಿಎಸ್) ಬಿಟ್ಟ ಪ್ರತ್ಯೇಕ ದಾರಿಯೊಳಗೆ ಯಾರೂ ಇಳಿಯಬೇಡಿ. ಫುಟ್‌ಪಾತ್‌ನಲ್ಲಿ ಒಂದು ಕಡೆ ಚರಂಡಿ ಮುಚ್ಚಳ ಇಲ್ಲ, ಯಾರೋ ಬೇವಿನ ಕೊಂಬೆ ಸಿಗಿಸಿ ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರೆ, ಕತ್ತಲಲ್ಲಿ ಕಾಣಲ್ಲ. ನೀರಿನ ಬಾಟಲಿ ನೀವೇ ತನ್ನಿ. ಚಹಾ ನನ್ನದು, ಗಿರಮಿಟ್ಟು ವಾದದಲ್ಲಿ ಸೋತವರದು.