ಪಟ್ಟಿ ಬಿಡು, ಸುಮ್ನೆ ಬಾ

ಪ್ರಿಯ ಗೆಳೆಯಾ,

ನಮ್ಮ ಹಾಸನದ ಕಡೆ ಸುತ್ತೋಕೆ ನೀನು ಕಳಿಸಿದ ಪ್ಲ್ಯಾನ್ ನೋಡಿದೆ. ದಸರಾ ರಜೆಯ ಮೂರು ದಿನಕ್ಕೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಟೈಮ್ ಉಳಿದರೆ ಶೃಂಗೇರಿ! "ಏನಾದ್ರೂ ಬಿಟ್ಟುಹೋಗಿದ್ಯಾ ನೋಡು" ಅಂತ ಬೇರೆ ಕೇಳಿದ್ದೀಯ. ಬಿಟ್ಟುಹೋಗಿರುವುದು ಊಟ, ನಿದ್ದೆ ಎರಡೇ ಕಣೋ.

ತಮಾಷೆ ಮಾಡಿದೆ ಅಂತ ಬೇಜಾರಾಗಬೇಡ. ವರ್ಷವಿಡೀ ಮಕ್ಕಳ ಜೊತೆ ಕೂರುವುದಕ್ಕೇ ಆಗುವುದಿಲ್ಲ, ರಜೆಯಲ್ಲಾದರೂ ಏನಾದರೂ ತೋರಿಸೋಣ ಅಂತ ಬರೆದಿದ್ದೀಯಲ್ಲ, ಆ ಸಂಕಟ ನನಗೆ ಹೊಸದಲ್ಲ. ಮಳೆ ಹಿಡಿತ ಬಿಟ್ಟಾಗಿನಿಂದ ದೀಪಾವಳಿವರೆಗೆ ನನ್ನಂಥ ಪೇಂಟ್ ಅಂಗಡಿಯವನಿಗೆ ತಲೆ ಕೆರೆದುಕೊಳ್ಳೋಕೂ ಪುರುಸೊತ್ತು ಇರುವುದಿಲ್ಲ. ಹಬ್ಬಕ್ಕೆ ಮುಂಚೆ ಊರಿಗೆ ಊರೇ ಗೋಡೆಗೆ ಬಣ್ಣ ಹೊಡೆಸುತ್ತದೆ. ಹೆಂಡತಿಗೆ ಬ್ಯಾಂಕು. ಮಕ್ಕಳಿಗೆ ಟ್ಯೂಷನ್, ಕರಾಟೆ. ರಾತ್ರಿ ಒಂಬತ್ತೂವರೆಗೆ ನಾಲ್ಕು ಜನ ನಾಲ್ಕು ಕಡೆ ಕೂತು ಉಣ್ಣುವ ಮನೆ ನಮ್ಮದು.

ಆದರೆ ಈ ಸೀಸನ್ನಿನಲ್ಲಿ ಒಂದೇ ಒಂದು ನಿಯಮ ಮಾಡಿಕೊಂಡಿದ್ದೇವೆ. ಭಾನುವಾರ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಕರಾಟೆ ಮೇಷ್ಟ್ರಿಗೂ ದೀಪಾವಳಿ ಮುಗಿಯುವ ತನಕ ಮಕ್ಕಳು ಬರುವುದಿಲ್ಲ ಅಂತ ಹೇಳಿಬಿಟ್ಟೆವು. ಹೊಸದಾಗಿ ಏನನ್ನೂ ಸೇರಿಸಿಕೊಂಡಿಲ್ಲ, ಇದ್ದದ್ದರಲ್ಲಿ ಎರಡು ತೆಗೆದೆವು ಅಷ್ಟೇ. ವ್ಯಾಪಾರ ಕೈತಪ್ಪುತ್ತದೆ, ನಿಜ. ಎದುರುಗಡೆ ಅಂಗಡಿಯವನಿಗೆ ಖುಷಿ.

ಭಾನುವಾರ ಏನು ಮಾಡುತ್ತೀರಿ ಅಂತ ಕೇಳುತ್ತೀಯ. ಬೆಳಿಗ್ಗೆ ಬೇಲೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಯಾವುದಾದರೂ ಹೊಲದ ಬದುವಿನ ಪಕ್ಕ ಗಾಡಿ ನಿಲ್ಲಿಸುತ್ತೇವೆ. ಈಗ ರಾಗಿ ತೆನೆ ಬಿಚ್ಚಿದೆ. ನಡುನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟು ಹಳದಿ ಹಳದಿ. ಹತ್ತಿರ ಹೋಗಿ ನಿಂತರೆ ಜೇನುಹುಳುಗಳ ಸದ್ದು ಕಿವಿ ತುಂಬುತ್ತದೆ. ನಮ್ಮಮ್ಮ ಹೊಲದವರನ್ನು ಕೇಳಿ ಒಂದು ತೆನೆ ಕಿತ್ತು ಮಗಳ ಕೈಗೆ ಕೊಟ್ಟಳು. ಉಗುರಿನಲ್ಲಿ ಕಾಳು ಒತ್ತಿದರೆ ಬಿಳೀ ಹಾಲು ಬಂತು. "ಇದು ಗಟ್ಟಿಯಾದ್ಮೇಲೇ ನಿನ್ನ ಮುದ್ದೆ" ಅಂದಳು. ದಿನಾ ಮುದ್ದೆಗೆ ಮೂಗು ಮುರಿಯುವ ಹುಡುಗಿ ಆ ತೆನೆಯ ಒಂದೊಂದೇ ಕಾಳು ಒತ್ತಿ ನೋಡುತ್ತಾ ಅಲ್ಲೇ ಕೂತುಬಿಟ್ಟಳು. ಹೊರಡೋಣ ಅಂದರೆ ಏಳಲಿಲ್ಲ. ಅವತ್ತು ರಾತ್ರಿ ಮುದ್ದೆ ತಿಂದಳಾ? ಇಲ್ಲ. ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ.

ಅವಳ ಪುಸ್ತಕದಲ್ಲಿ ಶರತ್ಕಾಲ ಅಂದರೆ ಕೆಂಪು ಎಲೆ ಉದುರುವ ಚಿತ್ರ. ಅದು ಯುರೋಪು, ಅಮೆರಿಕದ ಕಡೆಯ ಮಾತು. ನಮ್ಮ ಕಾಡಿನ ಮರಗಳು ಎಲೆ ಉದುರಿಸುವುದು ಸಂಕ್ರಾಂತಿ ಕಳೆದ ಮೇಲೆ. ಆಶ್ವಯುಜ, ಕಾರ್ತಿಕದಲ್ಲಿ ಇಲ್ಲಿ ಕೆರೆ ತುಂಬಿರುತ್ತದೆ, ಕಾಳು ಕಟ್ಟುತ್ತಿರುತ್ತದೆ, ತೋಟದಲ್ಲಿ ಅರೇಬಿಕಾ ಇನ್ನೂ ಹಸಿರಾಗಿರುತ್ತದೆ. ನವೆಂಬರ್ ಹೊತ್ತಿಗೆ ಕಾಫಿ ಹಣ್ಣಾಗಿ ಕೊಯ್ಲು ಶುರುವಾದರೆ ತೋಟದವರಿಗೆ ಮಾತಾಡೋಕೂ ಟೈಮ್ ಇರುವುದಿಲ್ಲ. ಅದಕ್ಕೇ ಹೇಳುವುದು, ನೋಡುವುದಿದ್ದರೆ ಈಗಲೇ.

ನಿನ್ನ ಪಟ್ಟಿಯಲ್ಲಿ ಒಂದನ್ನು ಮಾತ್ರ ಉಳಿಸುತ್ತೇನೆ: ಹಳೇಬೀಡು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹಾಗಂತ ಮೂರನ್ನೂ ಒಂದೇ ರಜೆಯಲ್ಲಿ ಮುಗಿಸಬೇಕು ಅಂತ ಯಾರೂ ಹೇಳಿಲ್ಲ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲಿದೆ. ಒಂದಿದ್ದ ಹಾಗೆ ಇನ್ನೊಂದಿಲ್ಲ ಅಂತ ಗೈಡ್‌ಗಳು ಹೇಳುತ್ತಾರೆ. ನನ್ನ ಮಗ ಅದನ್ನು ಸವಾಲು ಅಂತ ತಗೊಂಡ. ಬಗ್ಗಿಕೊಂಡು ಒಂದೊಂದೇ ಆನೆಯ ಸೊಂಡಿಲು, ಕಾಲು, ಗಂಟೆ ನೋಡುತ್ತಾ ಹೋದ. "ಅಪ್ಪಾ, ಇದೂ ಅದೂ ಸೇಮ್!" ಅಂತ ಕೂಗುವುದು, ವಾಪಸ್ ಓಡಿ ನೋಡುವುದು, ಮುಖ ಸಣ್ಣ ಮಾಡುವುದು. ಅವನ ಎತ್ತರಕ್ಕೆ ಸರಿಯಾಗಿ ಸಿಕ್ಕಿದ್ದು ಅದೊಂದೇ ಸಾಲು ನೋಡು. ಮೇಲಿನ ರಾಮಾಯಣ, ಮಹಾಭಾರತದ ಕಡೆ ಅವನು ತಲೆಯೆತ್ತಲೂ ಇಲ್ಲ. ನಾವೂ ತೋರಿಸಲು ಹೋಗಲಿಲ್ಲ. ಆಮೇಲೆ ಪಕ್ಕದ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳಿವೆಯಲ್ಲ, ಕನ್ನಡಿ ಥರ ಮುಖ ಕಾಣುವಂಥವು, ಅಲ್ಲಿ ಇಬ್ಬರೂ ಹಲ್ಲು ಕಿಸಿದುಕೊಂಡು ಆಡಿದರು. ಬೆಳಿಗ್ಗೆ ಬೇಗ ಹೋಗಬೇಕು. ಹೊತ್ತು ಏರಿದರೆ ಬರಿಗಾಲಿಗೆ ಕಲ್ಲು ಸುಡುತ್ತದೆ.

ಮುಳ್ಳಯ್ಯನಗಿರಿ ಈ ಸಲ ಬೇಡ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ, ಎಲ್ಲಾ ಸರಿ. ಆದರೆ ಸಾಲು ರಜೆಯಲ್ಲಿ ಕೈಮರದ ಚೆಕ್‌ಪೋಸ್ಟ್ ಹತ್ತಿರ ಗಾಡಿಗಳ ಸಾಲು ನೋಡಿದರೆ ಬೆಂಗಳೂರೇ ಬೆಟ್ಟ ಹತ್ತುತ್ತಿದೆ ಅನ್ನಿಸುತ್ತದೆ. ಅದೇ ಬೆಟ್ಟಸಾಲಿನ ದೇವೀರಮ್ಮನ ಬೆಟ್ಟಕ್ಕೆ ನರಕ ಚತುರ್ದಶಿ ಹೊತ್ತಿಗೆ ಜನ ಬರಿಗಾಲಲ್ಲಿ ಹತ್ತುತ್ತಾರೆ. ಅದು ನಿಜವಾಗಿ ನೋಡುವಂಥದ್ದು. ಆದರೆ ದಾರಿ ಕಡಿದಾಗಿದೆ, ಮಳೆ ಬಿದ್ದರೆ ಜಾರಿಕೆ. ನಿನ್ನ ಚಿಕ್ಕವನು ಇನ್ನಷ್ಟು ದೊಡ್ಡವನಾಗಲಿ.

ಇನ್ನು ಯಾವಾಗ ಬರಬೇಕು ಅನ್ನುವುದು. ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರ ಹಾಸನಾಂಬೆಯ ಗುಡಿ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೊಮ್ಮೆ ತೆಗೆದು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುವ ಬಾಗಿಲು. ಅಮ್ಮನವರ ಬಾಗಿಲು ತೆರೆದರೆ ಹಾಸನದವರ ಮನೆ ಬಾಗಿಲೂ ತೆರೆದ ಹಾಗೆ. ಎಲ್ಲೆಲ್ಲಿಯ ನೆಂಟರೋ ಬರುತ್ತಾರೆ, ಕ್ಯೂನಲ್ಲಿ ನಿಂತು ಸುಸ್ತಾಗಿ ಬಂದವರಿಗೆ ರಾತ್ರಿ ಹನ್ನೊಂದಕ್ಕೆ ಅನ್ನ ಸಾರು. ನನಗೇನೋ ಆ ಗಲಾಟೆ ಇಷ್ಟವೇ. ನಿನಗೆ ಬೇಕಾಗಿರುವುದು ಅದಲ್ಲ, ಅಲ್ವಾ? ಅದಕ್ಕೆ ಆಯುಧಪೂಜೆ ಮುಗಿಸಿಕೊಂಡು ವಿಜಯದಶಮಿಯ ಮಾರನೇ ದಿನ ಬಂದುಬಿಡು.

ಕಾರು ಬೇಡ. ಬೆಂಗಳೂರಿಂದ ಕುಣಿಗಲ್ ಮೇಲೆ ಬರುವ ರೈಲು 2017ರಿಂದ ಓಡುತ್ತಿದೆ, ಮಕ್ಕಳು ಕಿಟಕಿ ಪಕ್ಕ ಕೂತು ಬರಲಿ. ಶ್ರವಣಬೆಳಗೊಳ ಸ್ಟೇಷನ್ನೂ ದಾರಿಯಲ್ಲೇ ಸಿಗುತ್ತದೆ, ಬೇಕಿದ್ದರೆ ನೋಡಿದೆ ಅಂತ ಟಿಕ್ ಹಾಕಿಕೋ. ಕೊಡೆ ಮರೆಯಬೇಡ. ಚಿತ್ತೆ ಮಳೆಯನ್ನು ನಂಬುವ ಹಾಗಿಲ್ಲ, ಮಧ್ಯಾಹ್ನ ಬಿಸಿಲು ಕಾಯ್ದು ಸಂಜೆ ಗುಡುಗುತ್ತದೆ. ಅಂಥ ಸಂಜೆ ಎಲ್ಲಿಗೂ ಹೋಗುವುದು ಬೇಡ. ಕಡಲೆಕಾಯಿ ಬೇಯಿಸೋಣ, ಮಕ್ಕಳು ಚೌಕಾಬಾರ ಆಡಿಕೊಳ್ಳಲಿ.

ಹೋಗುವಾಗ ಕಟ್ಟಿಕೊಡುವುದಕ್ಕೆ ಅಮ್ಮ ಹುಚ್ಚೆಳ್ಳು ಚಟ್ನಿಪುಡಿ ಮಾಡುತ್ತಾಳಂತೆ. ನಿನ್ನ ಚಿಕ್ಕವನಿಗೆ ಇನ್ನೂ ಖಾರ ಆಗಲ್ವಾ? ಕೇಳುತ್ತಿದ್ದಾಳೆ, ಬೇಗ ತಿಳಿಸು.

ನಿನ್ನ,
ಹಾಸನದ ಗೆಳೆಯ